ಅರ್ಧ ಓದಿದ ಕೀರ್ತನೆ

ಟೈಲರಮ್ಮನ ಗಂಡ ಮೂವತ್ತು ವರ್ಷ ಬಸ್ಸು ಓಡಿಸಿದವರು. ಬೆಳಗಿನ ಪಾಳಿಗೆ ಹೊರಡುವ ಮುಂಚೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದದೆ ಅವರು ಬೂಟಿಗೆ ಕಾಲು ತೂರಿಸಿದ್ದೇ ಇಲ್ಲ. ಅವಳಿಗೆ ಅದು ಪಕ್ಕದ ಮನೆಯ ರೇಡಿಯೋ ಇದ್ದ ಹಾಗೆ. ಕೇಳಿಸುತ್ತಿತ್ತು, ಆದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಭಾನುವಾರ ಚರ್ಚಿನ ಸಭೆಗೆ ಹೋಗುತ್ತಿದ್ದಳು, ಎಲ್ಲರ ಜೊತೆ ಹಾಡುತ್ತಿದ್ದಳು, ಪಾದ್ರಿಯ ಪ್ರಸಂಗದ ಹೊತ್ತಿಗೆ ಮುಂದೆ ಕೂತವರ ಕೋಟಿನ ಹೊಲಿಗೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದಳು. “ಮನೆಗೊಬ್ಬರು ಭಕ್ತರಿದ್ರೆ ಸಾಕು. ಇಬ್ಬರೂ ಕಣ್ಣು ಮುಚ್ಕೊಂಡ್ರೆ ಹಾಲು ಉಕ್ಕೋದನ್ನ ನೋಡೋರು ಯಾರು?” ಎಂಬುದು ಅವಳ ವಾದ.

ಒಂದು ಮಧ್ಯಾಹ್ನ ಡಿಪೋದಲ್ಲಿ ಬಸ್ಸಿನಿಂದ ಇಳಿಯುವಾಗ ಅವರು ಕುಸಿದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೂರು ವಾರದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಉಳಿದಿದ್ದು ಒಂದೇ ಪದ, “ಬ್ರೇಕು.” ನೀರಿಗೂ ಬ್ರೇಕು, ಹೊದಿಕೆಗೂ ಬ್ರೇಕು, ನೋವಿಗೂ ಬ್ರೇಕು. ಮೊದಲ ಸಲ ಕೇಳಿದಾಗ ಟೈಲರಮ್ಮನಿಗೆ ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮ ಕೇಳಿದರು, “ಇವರಿಗೆ ಬಾಯಿಪಾಠ ಆಗಿರೋದು ಏನಾದ್ರೂ ಇದ್ಯಾ? ಇದ್ರೆ ದಿನಾ ಓದಿ. ಹೊಸ ಮಾತು ಬರದೇ ಇದ್ರೂ ಹಳೇದು ಕೆಲವು ಸಲ ತಾನಾಗೇ ಬರುತ್ತೆ.”

“ಬಂದೇ ಬರುತ್ತಾ?”

“ನೋಡೋಣ” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು ಡಾಕ್ಟರಮ್ಮ.

ಗಂಡನಿಗೆ ಬಾಯಿಪಾಠ ಆಗಿದ್ದದ್ದು ಏನೆಂದು ಯೋಚಿಸಬೇಕಾಗಿರಲಿಲ್ಲ. ಟೈಲರಮ್ಮ ಸತ್ಯವೇದ ತೆಗೆದಳು. ಎಂಟು ಗಂಟೆಗೆಲ್ಲ ಗಿರಾಕಿಗಳು ಬರುವುದರಿಂದ ಅದರಲ್ಲಿನ ಕೀರ್ತನೆಗಳೆಂಬ ಪ್ರಾರ್ಥನೆಯ ಹಾಡುಗಳಲ್ಲಿ ಚಿಕ್ಕಚಿಕ್ಕವನ್ನೇ ಆರಿಸಿಕೊಂಡು, ಕಾಟಾಚಾರಕ್ಕೆ ಓದತೊಡಗಿದಳು. ಐದನೆಯ ದಿನ ಒಂದು ಕೀರ್ತನೆಯ ಮೊದಲ ಸಾಲಿಗೇ ನಾಲಿಗೆ ನಿಂತಿತು. ಯಾರೋ ದೇವರನ್ನು ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದ: ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀಯ?

“ಅಯ್ಯೋ, ಇದು ನಾನು ಗೊಣಗೋ ಹಾಗೇ ಇದೆಯಲ್ಲ ರೀ!” ಎಂದಳು.

ಮರುದಿನದಿಂದ ಬೇರೆಲ್ಲ ಬಿಟ್ಟು ಅದನ್ನೇ ಓದಿದಳು. ಅದೂ ಅರ್ಧಕ್ಕೆ. ಕೆಳಗೆ ಹೋದಂತೆ ದೂರು ಮುಗಿದು ಭರವಸೆಯ ಮಾತು ಶುರುವಾಗುತ್ತಿತ್ತು. ಅಲ್ಲಿಗೆ ಪುಸ್ತಕ ಮುಚ್ಚುತ್ತಿದ್ದಳು. “ಅಷ್ಟು ದೂರ ನಾನಿನ್ನೂ ಬಂದಿಲ್ಲ ರೀ. ಬಾಯಲ್ಲೊಂದು ಎದೇಲೊಂದು ಯಾಕೆ?”

ಮುಚ್ಚಿದ ಕೂಡಲೇ ಗಂಡ ಎಡಗೈಯಿಂದ ಮಂಚ ಕುಟ್ಟುವರು. ದಿಂಬು ಸರಿ ಮಾಡಿದರೂ ಇಲ್ಲ, ನೀರು ಕೊಟ್ಟರೂ ಇಲ್ಲ. “ಬ್ರೇಕು! ಬ್ರೇಕು!” ಎಂದು ಸಿಡುಕುವರು. ಅವಳಿಗೆ ತಲೆಬುಡ ತಿಳಿಯಲಿಲ್ಲ.

ಹೀಗೇ ಎರಡು ವಾರ ಕಳೆಯಿತು. ಒಂದು ಬೆಳಗ್ಗೆ ಅವಳು ಪುಸ್ತಕ ಮುಚ್ಚಿ ಏಳುವಷ್ಟರಲ್ಲಿ ಅವರು ಅವಳ ಸೆರಗು ಹಿಡಿದರು. ಬಾಯಿ ಸೊಟ್ಟಗಾಯಿತು, ಕತ್ತಿನ ನರ ಉಬ್ಬಿತು. “ಆ... ಆದ... ಆದರೂ.”

ಟೈಲರಮ್ಮ ಮತ್ತೆ ಮಂಚದ ಅಂಚಿಗೆ ಕೂತಳು. “ಆದರೂ? ಏನು ಆದರೂ?” ಮತ್ತೆ ಪುಸ್ತಕ ತೆರೆದು ನೋಡಿದರೆ, ಅವಳು ದಿನಾ ಬಿಡುತ್ತಿದ್ದ ಸಾಲು ಶುರುವಾಗುತ್ತಿದ್ದದ್ದೇ ಆ ಮಾತಿನಿಂದ. ಅವಳು ಓದುವ ಮೊದಲೇ ಅವರು ಹೇಳಿಬಿಟ್ಟರು. ತೊದಲುತ್ತಾ, ಆದರೆ ಒಂದು ಪದವೂ ತಪ್ಪದೆ: ಆದರೂ ನಿನ್ನ ಪ್ರೀತಿಯನ್ನು ನಂಬಿದ್ದೇನೆ.

“ಇದಕ್ಕಾ ಇಷ್ಟು ದಿನ ಮಂಚ ಕುಟ್ಟಿದ್ದು?”

ಅವರು ತಲೆಯಾಡಿಸಿದರು. ಕಣ್ಣಿಂದ ನೀರು ಇಳಿಯುತ್ತಿತ್ತು. ಕೈ ಹೋದವರು, ಕೆಲಸ ಹೋದವರು ಅವರು; ಅವರನ್ನು ದಿನಾ ಆ ದೂರಿನ ನಡುವೆಯೇ ಬಿಟ್ಟು ತಾನು ಎದ್ದುಹೋಗುತ್ತಿದ್ದೆನಲ್ಲ ಎನಿಸಿ ಅವಳಿಗೆ ನಾಚಿಕೆಯಾಯಿತು. ಆ ಸಾಲನ್ನು ತಾನೂ ಓದಿದಳು. ಆಮೇಲೆ, ಮದುವೆಯಾದ ಮೇಲೆ ಮೊದಲ ಬಾರಿ, ಗಂಡನ ಎದುರು ಬಾಯಿಬಿಟ್ಟು ಪ್ರಾರ್ಥಿಸಿದಳು: “ದೇವರೇ, ನನ್ನ ನಂಬಿಕೆ ಬರೀ ಕಚ್ಚಾ ಹೊಲಿಗೆ. ಎಳೆದ್ರೆ ಬಿಚ್ಕೊಳ್ಳುತ್ತೆ. ಗಟ್ಟಿ ಮಾಡೋನು ನೀನೇ.”

ಎಲ್ಲವೂ ಮೊದಲಿನಂತಾಗಲಿಲ್ಲ. ಬಲಗೈ ಇನ್ನು ಸ್ವಾಧೀನಕ್ಕೆ ಬರುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದರು. ಅದರ ಮರುದಿನ ಬೆಳಗ್ಗೆಯೂ ಅವಳು ಕೂತು ಓದಿದಳು, ಕೊನೆಯ ಸಾಲಿನವರೆಗೂ. ವಾರಕ್ಕೊಂದು, ಎರಡು ಎಂದು ಪದಗಳು ಬಂದವು. ವರ್ಷ ಕಳೆಯುವಷ್ಟರಲ್ಲಿ ಗಂಡ ಹೊಲಿಗೆಯ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಎಡಗೈಯಲ್ಲಿ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದರು.

ಅಲ್ಲಿಗೊಮ್ಮೆ ಶಾಲೆಯ ಟೀಚರೊಬ್ಬರು ಕೋಟು ಬಿಗಿ ಮಾಡಿಸಲು ಬಂದರು. ಅಳತೆ ತೆಗೆಯುವಾಗ ಟೇಪು ಹಳೆಯ ಅಳತೆಗಿಂತ ಎರಡು ಬೆರಳು ಒಳಗೆ ಸರಿಯಿತು.

“ಇಷ್ಟು ಇಳಿದುಹೋಗಿದ್ದೀರಲ್ಲ ಟೀಚರ್?”

“ನಾಳೆ ಮಗಳಿಗೆ ಆಪರೇಷನ್. ಊಟ ಸೇರ್ತಿಲ್ಲ.” ಟೀಚರು ಕುರ್ಚಿಯತ್ತ ತಿರುಗಿದರು. “ನೀವು ತುಂಬಾ ಭಕ್ತರಂತೆ. ಅವಳಿಗೋಸ್ಕರ ಒಂದು ಪ್ರಾರ್ಥನೆ ಮಾಡ್ತೀರಾ?”

ಗಂಡ ಹೆಂಡತಿಯ ಕಡೆ ಬೆರಳು ತೋರಿಸಿ, “ಅವಳು” ಎಂದರು.

ಟೈಲರಮ್ಮ ಕತ್ತಿನಿಂದ ಟೇಪು ತೆಗೆದಿಟ್ಟಳು. “ನನಗೆ ಚೆಂದ ಮಾತು ಬರಲ್ಲ ಟೀಚರ್. ಇದ್ದದ್ದು ಇದ್ದ ಹಾಗೆ ಹೇಳ್ತೀನಿ, ಕೇಳಿಸ್ಕೊಳ್ತಾನೆ” ಎಂದು ಅವರ ಎರಡೂ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಯಾರೋ ಪ್ಯಾಂಟು ಕೇಳಿಕೊಂಡು ಬಾಗಿಲು ಬಡಿದರು.

“ತಡೀರಿ!” ಎಂದರು ಗಂಡ, “ಬ್ರೇಕು” ಎನ್ನದೆ, ಅಚ್ಚುಕಟ್ಟಾಗಿ.