ಉಪವಾಸವಿದ್ದ ಮೀನು

ನನ್ನ ತಮ್ಮ ಅರುಣಕುಮಾರ ತೀರಿಕೊಂಡ ಸುದ್ದಿ ಕಮಲಾಪುರಕ್ಕೆ ಬಂದಾಗ ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಸೊಸೆ ನಾಗರತ್ನಾ ಫೋನನ್ನು ಕಿವಿಗೆ ಹಿಡಿದುಕೊಂಡೇ ಹೊರಗೆ ಬಂದಳು. ನನ್ನ ಕೈಯೊಳಗಿನ ಮೊರವನ್ನು ತೆಗೆದು ಕೆಳಗಿಟ್ಟಳು. ಅಷ್ಟರಲ್ಲೇ ನನಗೆ ತಿಳಿಯಿತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಜೀವ ಹೋಗಿತ್ತಂತೆ. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು. ಅವನಿಗೆ ಮಣ್ಣು ಕೊಡುವ ದಿನವನ್ನೂ ದೇವರು ನನಗೇ ತೋರಿಸಿದ.

ಕಲಬುರಗಿಯ ಗಾಜಿಪುರದಲ್ಲಿ ಅವನ ಮನೆ. ಸಂಜೆಯೊಳಗೆ ಮಣ್ಣು ಮುಗಿಯಿತು. ಅವನ ಹೆಂಡತಿ ಶೀಲಾಳ ಜೊತೆಗೆ ನಾನು ಅಲ್ಲೇ ಉಳಿದೆ. ಅವರಿಗೆ ಮಕ್ಕಳಿಲ್ಲ. ಆ ಮನೆಯಲ್ಲಿದ್ದ ಇನ್ನೊಂದು ಜೀವವೆಂದರೆ ಪಡಸಾಲೆಯ ಗಾಜಿನ ತೊಟ್ಟಿಯೊಳಗಿನ ಒಂದು ಬಂಗಾರದ ಮೀನು.

ಲಿಂಗವಂತರ ಮನೆಗೆ ಮೀನು ಬಂದದ್ದು ಆಗಲೇ ಒಂದು ಸುದ್ದಿಯಾಗಿತ್ತು. ಶೀಲಾಳ ಕಾಕಾ ಪೀರಪ್ಪನವರು ತೊಟ್ಟಿಯನ್ನು ನೋಡಿದ ದಿನವೇ, “ಹುರೀತೀಯೋ, ಸಾರು ಮಾಡ್ತೀಯೋ ಅಳಿಯಪ್ಪ?” ಎಂದು ಚುಚ್ಚಿದ್ದರು. “ಎರಡೂ ಇಲ್ಲ ಕಾಕಾ, ಬರೇ ನೋಡ್ತೀನಿ” ಎಂದು ತಮ್ಮ ನಕ್ಕಿದ್ದ. ದಿನಾ ಪೂಜೆ ಮುಗಿಸಿ ಅದರ ಮುಂದೆ ಕುಳಿತುಕೊಳ್ಳುತ್ತಿದ್ದ. ಅದರಲ್ಲಿ ಏನು ನೋಡುತ್ತಿದ್ದನೋ, ನನಗೆ ಮೊದಲಿನಿಂದಲೂ ಅದೊಂದು ಕುತೂಹಲ. ಕೇಳಿದರೆ ಹೇಳುತ್ತಿರಲಿಲ್ಲ.

ನಮ್ಮ ಕಡೆ ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು, ಓಣಿಯವರು ಬುತ್ತಿ ತರುತ್ತಾರೆ. ಒಲ್ಲೆವೆಂದರೂ ಬಿಡದೆ ಕೂಡಿಸಿ ಉಣಿಸುತ್ತಾರೆ. ಹಾಗೆ ಬಂದವರು ನಮಗೆ ಬಡಿಸಿದ ಮೇಲೆ ತೊಟ್ಟಿಯ ಕಡೆ ತಿರುಗುತ್ತಿದ್ದರು. ಪಾಪ, ಅರುಣನ ಕೈಯಿಂದ ಉಣ್ಣುತ್ತಿದ್ದ ಜೀವ ಎಂದು ಒಬ್ಬರು ರೊಟ್ಟಿ ಪುಡಿ ಹಾಕಿದರೆ, ಇನ್ನೊಬ್ಬರು ನಾಲ್ಕು ಅಗುಳು ಅನ್ನ ಹಾಕುತ್ತಿದ್ದರು. ಕಮಲಾಪುರದಿಂದ ನಮ್ಮವರು ತಂದ ಕೆಂಪು ಬಾಳೆಹಣ್ಣನ್ನೂ ಯಾರೋ ಹಿಸುಕಿ ಹಾಕಿದರು. ನಾನೂ ವಿಭೂತಿ ಹಚ್ಚಿಕೊಂಡು ಬಂದು ಒಂದು ಚಿಟಿಕೆ ರೊಟ್ಟಿ ಪುಡಿ ಹಾಕಿ ಕೈ ಮುಗಿದೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮೀನು ಮೊದಲು ಒಂದು ಕಡೆ ವಾಲಿತು. ಆಮೇಲೆ ಹೊಟ್ಟೆ ಮೇಲಾಗಿ ತೇಲತೊಡಗಿತು. ಏನು ಹಾಕಿದರೂ ಬಾಯಿ ತೆರೆಯಲಿಲ್ಲ. ಒಡೆಯ ಹೋದನೆಂದು ಅದು ಅನ್ನ ಬಿಟ್ಟಿದೆ, ಅವನ ಹಿಂದೆಯೇ ಹೊರಟಿದೆ ಎಂದು ಬಂದವರೆಲ್ಲ ಕಣ್ಣೊರೆಸಿಕೊಂಡರು. ಆ ಮಾತು ಶೀಲಾಳ ಎದೆಯಲ್ಲಿ ಕುಳಿತುಬಿಟ್ಟಿತು. ಮುಂದಿಟ್ಟ ತಾಟನ್ನು ಸರಿಸಿ, “ಅದು ಉಣ್ಣೋ ತನಕ ನಾನೂ ಉಣ್ಣಂಗಿಲ್ಲ” ಎಂದಳು. ಅಂದಿನಿಂದ ಚಹಾ ಬಿಟ್ಟರೆ ಅವಳ ಬಾಯಿಗೆ ಏನೂ ಹೋಗಲಿಲ್ಲ. ಗೋಡೆ ಹಿಡಿದು ಏಳುವಂತಾದಳು. ಮೀನಿಗಿಂತ ಹೆಚ್ಚು ಅವಳ ಚಿಂತೆ ನನಗೆ ಹತ್ತಿತು.

ಆದರೆ ನನಗೊಂದು ಸಂಶಯವಿತ್ತು. ದುಃಖಕ್ಕೆ ಹೊಟ್ಟೆ ಬತ್ತಬೇಕು, ಉಬ್ಬಬಾರದು. ಕನ್ನಡಕ ಹಾಕಿಕೊಂಡು ಗಾಜಿಗೆ ಮುಖ ಹಚ್ಚಿ ನೋಡಿದೆ. ಕಣ್ಣು ನಿಚ್ಚಳವಾಗಿತ್ತು. ಹೊಟ್ಟೆ ಮಾತ್ರ ನಿಂಬೆಹಣ್ಣಿನಂತೆ ಬಿಗಿದಿತ್ತು. ಹಿಂದೆ ಬಿಳಿಯ ದಾರದಂಥದ್ದೊಂದು ಜೋತುಬಿದ್ದಿತ್ತು. ಹಸಿ ಮೇವು ಮಿತಿಮೀರಿ ತಿಂದ ಎತ್ತು ಹೊಟ್ಟೆ ಉಬ್ಬರಿಸಿ ಹೀಗೆಯೇ ಮಗ್ಗುಲಾಗಿ ಬೀಳುವುದನ್ನು ನಾನು ಊರಲ್ಲಿ ಕಂಡಿದ್ದೆ. ತೋಳೇರಿಸಿ ತೊಟ್ಟಿಯ ತಳದ ಹರಳು ಕೆದರಿದರೆ ಕೊಳೆತ ಅನ್ನ, ರೊಟ್ಟಿ, ಬಾಳೆಹಣ್ಣಿನ ನಾರು ಎಲ್ಲ ಮೇಲೆದ್ದು ಬಂತು. ನೀರು ನಾರುತ್ತಿತ್ತು.

ಪಕ್ಕದ ಮನೆಯ ಅಕ್ಬರಿ ಬೇಗಂ ಅವರ ಮಗಳು ಆಸ್ಫಿಯಾ ಮನೆಯಲ್ಲಿ ಮೀನು ಸಾಕಿದ್ದಳು. ಅವಳನ್ನು ಕರೆತಂದೆ. ಇದಕ್ಕೆ ಯಾರು ತಿನ್ನಲು ಹಾಕುತ್ತೀರಿ ಎಂದು ಕೇಳಿದಳು. ಎಲ್ಲರೂ ಎಂದೆ. ಅವಳಿಗೆ ನಗು ಬಂತು. ಸತ್ತ ಮನೆಯೆಂಬುದು ನೆನಪಾಗಿ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು.

“ಇದು ಉಪವಾಸ ಕೂತಿಲ್ಲಮ್ಮಾ. ಉಂಡು ಉಂಡು ಬಿದ್ದದ.”

ಎರಡು ಮೂರು ದಿನ ಏನೂ ಹಾಕಬಾರದು, ಆಮೇಲೆ ಕುದಿಸಿದ ಹಸಿ ಬಟಾಣಿಯ ಸಿಪ್ಪೆ ತೆಗೆದು ಒಂದು ಚೂರು ಕೊಡಬೇಕು, ತಳ ಸ್ವಚ್ಛ ಮಾಡಬೇಕು, ಆದರೆ ನೀರನ್ನೆಲ್ಲ ಒಮ್ಮೆಲೇ ಬದಲಿಸಬಾರದು ಎಂದು ಹೇಳಿಕೊಟ್ಟಳು. ನನಗೆ ಸೋಜಿಗವಾಯಿತು. ಜೀವಮಾನವಿಡೀ ಸೋಮವಾರ ಒಪ್ಪತ್ತು ಮಾಡಿದವಳು ನಾನು. ಮೀನಿಗೂ ಉಪವಾಸವೇ ಔಷಧವೆಂದು ಯಾರಿಗೆ ಗೊತ್ತಿತ್ತು!

ಬಂದವರಿಗೆಲ್ಲ ತಿಳಿಸಿ ಹೇಳಿದೆ. ಪೀರಪ್ಪನವರು ಒಪ್ಪಲಿಲ್ಲ. “ಸತ್ತ ಮನ್ಯಾಗ ಒಂದು ಜೀವ ಹಸದು ಇರಬಾರದು ಶಂಕ್ರಮ್ಮ. ಅರುಣನ ಆತ್ಮಕ್ಕ ಮುಟ್ತದ ಅದು” ಎಂದರು. ತೊಟ್ಟಿಗೆ ಟವೆಲು ಹೊದಿಸಿದೆ. ಅವರು ಅದನ್ನು ಎತ್ತಿ ಕೈ ಮುಗಿದು, ನನ್ನ ಕಣ್ಣು ತಪ್ಪಿಸಿ ಒಂದು ಚೂರು ರೊಟ್ಟಿ ಬಿಟ್ಟೇ ಹೋದರು. ಅದನ್ನು ಚಹಾ ಸೋಸುವ ಜಾಳಿಗೆಯಿಂದ ಎತ್ತಿ ತೆಗೆದೆ. ದುಃಖ ಹಂಚಿಕೊಳ್ಳಲು ಬಂದ ಹಿರಿಯರನ್ನು ಬೈಯುವುದು ಹೇಗೆ? ಅವರ ಪ್ರೀತಿಯೇ ಮೀನಿನ ರೋಗವಾಗಿತ್ತು. ಮೀನನ್ನು ಕಮಲಾಪುರಕ್ಕೆ ಒಯ್ಯುವುದೊಂದೇ ದಾರಿ ಕಂಡಿತು.

ಶೀಲಾ ತೊಟ್ಟಿಯ ಮೇಲೆ ಕೈಯಿಟ್ಟು, “ಇದನ್ನೂ ಒಯ್ತೀರೇನ್ರೀ ಅಕ್ಕಾರ?” ಎಂದಳು.

ನಾನು ಅವಳ ಪಕ್ಕದಲ್ಲಿ ಕುಳಿತೆ. “ಉಪವಾಸ ಅದಕ್ಕ ಔಷಧ ಅದ ಶೀಲಾ, ನಿನಗಲ್ಲ. ನಿನ್ನ ಪಾಲಿನ ಉಪವಾಸ ಅದು ಮಾಡ್ತದ. ಅದರ ಪಾಲಿನ ಊಟ ನೀ ಮಾಡು.”

ಅವಳು ಎದ್ದುಹೋಗಿ ಸ್ಟೀಲಿನ ಕೊಡವೊಂದನ್ನು ತಂದು ತೊಟ್ಟಿಯ ನೀರನ್ನು ತಾನೇ ತುಂಬಿದಳು.

ಬಸ್ಸಿನಲ್ಲಿ ಮೀನಿನ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿಗೆ ತೆಳು ಬಟ್ಟೆ ಕಟ್ಟಿ ಕುಳಿತಿದ್ದೆ. ಕಂಡಕ್ಟರ್ ಹಾಲೇನಮ್ಮಾ ಎಂದು ಕೇಳಿದ. ಪಕ್ಕದ ಹೆಣ್ಣುಮಗಳು ಬಟ್ಟೆ ಸರಿಸಿ ಇಣುಕಿ, “ಯಾವ ದೇವರಿಗೆ ಬಿಡಾಕ ಒಯ್ಯಾಕತ್ತೀರಿ?” ಎಂದಳು. ಜಡ್ಡು ಬಿದ್ದಿದೆ, ಇದರ ತವರಿಗೆ ಒಯ್ಯುತ್ತಿದ್ದೇನೆ ಎಂದೆ. ಅವಳು ಬಟ್ಟೆಯನ್ನು ಮೆಲ್ಲಗೆ ಮತ್ತೆ ಮುಚ್ಚಿದಳು. ಕಮಲಾಪುರ ಬರುವಷ್ಟರಲ್ಲಿ ಸೀರೆಯ ನೆರಿಗೆಯೆಲ್ಲ ತೊಯ್ದಿತ್ತು.

ಅಂದು ಸಂಜೆ ಶೀಲಾ ಫೋನು ಮಾಡಿದಳು. “ಉಪವಾಸ ಮಾಡಾಕತ್ತದೇನ್ರೀ?”

“ಮಾಡಾಕತ್ತದ.”

“ಹಂಗಾರ ನಾ ಒಂದು ರೊಟ್ಟಿ ಉಣ್ತೀನಿ” ಎಂದಳು.

ಸಮಾಧಾನವಾಯಿತು, ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಎರಡು ಜೀವಗಳನ್ನು ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೆ. ಮೀನು ನನ್ನ ಮನೆಯಲ್ಲಿ ಸತ್ತರೆ ಆ ರೊಟ್ಟಿ ಅವಳಿಗೆ ವಿಷವಾಗುತ್ತಿತ್ತು. ಮತ್ತೆ ಅವಳನ್ನು ಉಣಿಸುವವರು ಯಾರು?

ಅಗಲವಾದ ಪಾತ್ರೆಯಲ್ಲಿ ಮೀನನ್ನು ಬಿಟ್ಟು ಅದರ ಮುಂದೆ ಕುಳಿತೆ. ಮಾಡಲು ಏನೂ ಇರಲಿಲ್ಲ, ನೋಡುವುದಷ್ಟೇ. ಕಿವಿರಿನ ಕದ ತೆರೆಯುವುದು, ಮುಚ್ಚುವುದು. ರೆಪ್ಪೆಯಿಲ್ಲದ ಕಣ್ಣು. ಬಿಸಿಲು ಬಿದ್ದಾಗ ಹುರುಪೆಯ ಮೇಲೆ ಒಂದು ತಾಮ್ರದ ಹೊಳಪು. ತಮ್ಮ ಏನು ನೋಡುತ್ತಿದ್ದನೆಂಬುದು ನನಗೆ ತಿಳಿಯಲಿಲ್ಲ. ಆದರೆ ಅದರ ಮುಂದೆ ಕುಳಿತಷ್ಟು ಹೊತ್ತು ಮನಸ್ಸು ಬೇರೆಲ್ಲೂ ಹೋಗುತ್ತಿರಲಿಲ್ಲ. ಜಪದಲ್ಲಿಯೂ ನನಗೆ ಅದು ಸುಲಭವಾಗಿ ಸಾಧ್ಯವಾದದ್ದಲ್ಲ.

ಒಂದು ಮುಂಜಾನೆ ನೋಡಿದರೆ ಆ ಬಿಳಿಯ ದಾರ ಕಳಚಿ ತಳದಲ್ಲಿ ಬಿದ್ದಿತ್ತು. ಹೊಟ್ಟೆ ಇಳಿದಿತ್ತು. ನಾಗರತ್ನಾ ಬಟಾಣಿ ಕುದಿಸಿ, ಇಷ್ಟು ಉಪಚಾರ ನನ್ನ ಬಾಣಂತನಕ್ಕೂ ಆಗಿರಲಿಲ್ಲ ಎಂದು ಗೊಣಗುತ್ತಲೇ ಸಿಪ್ಪೆ ಸುಲಿದು ಕೊಟ್ಟಳು. ನಾನು ಸಾಸಿವೆಯಷ್ಟು ಮುರಿದು ನೀರಿಗೆ ಬಿಟ್ಟೆ. ಮೀನು ಅದನ್ನು ಬಾಯಿಗೆ ಹಾಕಿಕೊಂಡು ಉಗುಳಿತು. ನನ್ನ ಜೀವ ಹಾರಿತು. ಅದು ಸುತ್ತಿ ಬಂದು ಮತ್ತೆ ಹಾಕಿಕೊಂಡಿತು. ಉಗುಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊಂಚ ವಾಲಿಕೊಂಡೇ, ಮಂಡಿನೋವಿನ ನನ್ನ ನಡಿಗೆಯ ಹಾಗೆ, ಪಾತ್ರೆಯ ತುಂಬ ಓಡಾಡತೊಡಗಿತು.

ಫೋನಿನಲ್ಲಿ ಶೀಲಾಳಿಗೆ ಹೇಳಿದೆ. ಅವಳು ಅತ್ತಳು. ಮಣ್ಣಿನ ದಿನವೂ ಹಾಗೆ ಅತ್ತಿರಲಿಲ್ಲ. ಮೂಗು ಒರೆಸಿಕೊಂಡು, “ಅವರಿಗೂ ಹೇಳ್ರಿ ಅಕ್ಕಾರ. ನನಗ ಹೇಳಾಕ ಇನ್ನೂ ಬಾಯಿ ಬರವಲ್ದು” ಎಂದಳು.

ಕೈಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿ ದೇವರ ಮುಂದೆ ದೀಪವಿಟ್ಟೆ. ಅರುಣಾ, ನಿನ್ನ ಮೀನು ಉಂಡಿತು, ನಿನ್ನ ಶೀಲಾ ಉಂಡಳು, ಇಲ್ಲಿಯ ಚಿಂತೆ ಬಿಡು ಎಂದೆ. ಶರಣಬಸವೇಶ್ವರಾ, ನನ್ನ ತಮ್ಮ ಯಾರ ಮನಸ್ಸನ್ನೂ ನೋಯಿಸದೆ ಬಾಳಿದವನು. ಅವನ ಹಸಿವು, ನೀರಡಿಕೆ, ದಣಿವು ಎಲ್ಲ ಇಲ್ಲಿಗೇ ತೀರಲಿ. ನಿನ್ನ ಪಾದದ ಬಳಿ ಅವನಿಗಷ್ಟು ಜಾಗ ಕೊಡು ತಂದೆ. ಅವನ ಜೀವ ತಣ್ಣಗಿರಲಿ.