ಪಂಜರದಲ್ಲಿ ಬಂದ ಕಾಗೆ

"ಕಾ... ಕಾ..." ಎಂದು ಗುರುಚರಣ ತಾರಸಿಯ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದ. ಮೈಮೇಲೆ ಒದ್ದೆ ಪಂಚೆ, ಬೋಳುತಲೆಯ ಮೇಲೆ ನೆತ್ತಿ ಸುಡುವ ಬಿಸಿಲು. ಕೈಗೋಡೆಯ ಮೇಲೆ ಬಾಳೆ ಎಲೆ, ಅದರಲ್ಲಿ ಅನ್ನ, ವಡೆ, ಎಳ್ಳು. ಒಂದು ಕಾಗೆಯೂ ಬರಲಿಲ್ಲ. ಬೆಸೆಂಟ್ ನಗರದ ಕಡಲ ಗಾಳಿ ಮಾತ್ರ ಎಲೆಯ ತುದಿಯನ್ನು ಎತ್ತಿ ನೋಡಿ ಹೋಯಿತು.

ಅಂದು ಅವನ ತಾಯಿ ಭೀಮಾಬಾಯಿಯ ಮೊದಲ ವರ್ಷದ ಶ್ರಾದ್ಧ. ಕಾಗೆಯಾಗಿ ಅಮ್ಮ ಬಂದು ಎಲೆ ಮುಟ್ಟದೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವಂತಿಲ್ಲ.

ಮಗಳು ವೃಂದಾ ನೀರಿನ ಟ್ಯಾಂಕಿಗೆ ಒರಗಿ ನೋಡುತ್ತಿದ್ದಳು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಕಾಂಪೌಂಡಿನ ಬಾದಾಮಿ ಮರವನ್ನು ಹೋದ ತಿಂಗಳು ಕಡಿಸಿದವನು ಇದೇ ಅಪ್ಪ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಸೆಕ್ರೆಟರಿ. ಕಾರುಗಳ ಮೇಲೆ ಕಾಗೆ ಹಿಕ್ಕೆ ಬೀಳುತ್ತದೆ, ಅದೇ ಕಾರಣ. ಕೊಂಬೆಗಳ ಜೊತೆ ಗೂಡುಗಳೂ ಬಿದ್ದವು. ಕಣ್ಣು ಬಿಡದ ಮರಿಗಳನ್ನು ವಾಚ್‌ಮನ್ ಗುಡಿಸಿ ಕಸದ ಗಾಡಿಗೆ ಹಾಕಿದ. ಅಜ್ಜಿ ಬದುಕಿದ್ದಷ್ಟು ದಿನ ಮೊದಲ ತುತ್ತನ್ನು ಆ ಮರದ ಕಾಗೆಗಳಿಗಿಟ್ಟು ಆಮೇಲೆ ತಾನು ಉಣ್ಣುತ್ತಿದ್ದಳು. ಅವಳು ಹೋದ ಮೇಲೆ ವೃಂದಾ ಇಡುತ್ತಿದ್ದಳು. ಮರ ಬಿದ್ದಾಗಿನಿಂದ ಇಟ್ಟ ಅನ್ನ ಒಣಗಿ ಕಲ್ಲಾಗುತ್ತಿತ್ತು. ಇನ್ನು ಉಳಿದದ್ದು ಗೇಟಿನ ಬಳಿಯ ಬೇವಿನ ಮರ. ಸೋಮವಾರ ಅದಕ್ಕೂ ಗರಗಸ. ವೃಂದಾ ಎಷ್ಟು ಜಗಳವಾಡಿದರೂ ಅಪ್ಪನದು ಒಂದೇ ಮಾತು: "ಮೀಟಿಂಗಲ್ಲಿ ಪಾಸಾಗಿದೆ."

"ಬೇರೆ ಬೀದಿ ಕಾಗೆನಾದ್ರೂ ಬರಬೇಕಿತ್ತಲ್ಲೋ ಗುರುಚರಣ," ಎಂದರು ಪುರೋಹಿತ ವಿಷ್ಣುತೀರ್ಥಾಚಾರ್ಯರು, ಮೆಟ್ಟಿಲ ನೆರಳಿನಲ್ಲಿ ಹೊಟ್ಟೆ ಸವರಿಕೊಳ್ಳುತ್ತ.

"ಮನೆ ಕೆಡವಿದೋರ ಮನೆಗೆ ಯಾರು ಊಟಕ್ಕೆ ಬರ್ತಾರೆ, ಆಚಾರ್ಯರೇ?" ಎಂದಳು ವೃಂದಾ.

"ಪೋದುಂ, ಸಾಕು, ಬಾಯಿ ಮುಚ್ಚು," ಗುರುಚರಣ ಸಿಡುಕಿದ. "ಏರ್ಪಾಡು ಮಾಡಿದೀನಿ."

ಏರ್ಪಾಡು ಬೈಕಿನಲ್ಲಿ ಬಂತು. ಬಟ್ಟೆ ಮುಚ್ಚಿದ ಪಂಜರ ಹಿಡಿದು ಒಬ್ಬ ಮೇಲೆ ಹತ್ತಿ ಬಂದ. ಒಳಗೊಂದು ಕಾಗೆ. ಕಾಲಿಗೆ ಹುರಿ, ರೆಕ್ಕೆಯ ಪುಕ್ಕಗಳು ಕತ್ತರಿಯಲ್ಲಿ ಮೊಟಕಾಗಿದ್ದವು. ಅವನು ಅದನ್ನು ಹೊರಗೆ ತೆಗೆದು, ಕೊಕ್ಕನ್ನು ಹಿಡಿದು, ರಬ್ಬರ್ ಸ್ಟಾಂಪ್ ಒತ್ತುವ ಹಾಗೆ ಅನ್ನಕ್ಕೆ ಒತ್ತಿದ. ಕಾಗೆ ಅಗುಳನ್ನು ಕೊಡವಿ ಉಗಿಯಿತು.

"ತೊಟ್ಟಾಚ್ಚು ಸಾರ್," ಎಂದ. ಮುಟ್ಟಿ ಆಯಿತಂತೆ. ಇದೇ ಕಾಗೆಗೆ ಅಡೈಯಾರಿನಲ್ಲಿ ಇನ್ನೊಂದು ಶ್ರಾದ್ಧ ಕಾದಿದೆಯಂತೆ, ಬೇಗ ಹೊರಡಬೇಕಂತೆ.

ಗುರುಚರಣನ ಕಣ್ಣು ತುಂಬಿತು. ಕೈಮುಗಿದು, "ಬಂದ್ಯಾ ಅಮ್ಮಾ?" ಎಂದ.

ವೃಂದಾಳ ಮೈಯೆಲ್ಲ ಉರಿಯಿತು. "ಅಪ್ಪಾ, ಇದು ಅಜ್ಜೀನಾ? ಆಚಾರ್ಯರ ಎದುರಿಗೆ ಹೇಳು. ಅಲ್ಲ ಅಂದ್ರೆ ಶ್ರಾದ್ಧ ಆಗಿಲ್ಲ."

ಆಚಾರ್ಯರು ಕೆಳಗಿನಿಂದ ಬರುತ್ತಿದ್ದ ಹುಳಿಯ ವಾಸನೆ ಹೀರಿ, "ಮುಟ್ಟಿದ ಮೇಲೆ ಅಜ್ಜೀನೇ ಕಣಮ್ಮ," ಎಂದರು.

"ಅಜ್ಜೀನೇ," ಎಂದ ಗುರುಚರಣ.

"ಹಾಗಾದ್ರೆ ಹೆತ್ತಮ್ಮನ ಕಾಲಿಗೆ ಹುರಿ ಕಟ್ಟಿ ಅಡೈಯಾರಿಗೆ ಕಳಿಸ್ತೀಯಾ, ಇನ್ಯಾರಿಗೋ ಅಮ್ಮ ಆಗೋಕೆ?"

ಅವಳು ಕಾಗೆಯನ್ನು ಕಿತ್ತುಕೊಂಡೇಬಿಟ್ಟಳು. ಪಂಜರದವನು ಅರಚಿದ. ಕಾಗೆ ಕೂಡಿಹಾಕಿದ್ದಕ್ಕೆ ಪೊಲೀಸರಿಗೆ ಫೋನ್ ಮಾಡಲಾ ಎಂದು ವೃಂದಾ ತಮಿಳಿನಲ್ಲಿ ಕೇಳಿದ ಮೇಲೆ ಖಾಲಿ ಪಂಜರ ಎತ್ತಿಕೊಂಡು ಇಳಿದು ಹೋದ. ಕಾಗೆ ಅವಳ ಹೆಬ್ಬೆರಳನ್ನು ರಕ್ತ ಬರುವಂತೆ ಕುಕ್ಕಿತು. ಅದಕ್ಕೇನು ಗೊತ್ತು, ಯಾವ ಕೈ ಕಟ್ಟುವುದು, ಯಾವ ಕೈ ಬಿಡಿಸುವುದು ಎಂದು. ಬಿಡದೆ ಮೆಟ್ಟಿಲಿಳಿದಳು. ಹಿಂದೆಯೇ ಗುರುಚರಣ ಓಡಿದ.

ಕಾಂಪೌಂಡಿನಲ್ಲಿ ಕಾಗೆ ಒಮ್ಮೆ ಚೀರಿತು. ಅಷ್ಟೇ. ಎದುರು ಮನೆಯ ಟ್ಯಾಂಕಿನಿಂದ, ಕರೆಂಟು ತಂತಿಗಳಿಂದ, ಸಮುದ್ರದ ಕಡೆಯಿಂದ ಕಾಗೆಗಳು ನುಗ್ಗಿ ಬಂದವು. ವಡೆಗೆ ಬಾರದವು, ಮನುಷ್ಯರ ಕೈಯಲ್ಲಿ ತಮ್ಮದೊಂದು ಸಿಕ್ಕಿಬಿದ್ದಿದ್ದಕ್ಕೆ ಬಂದವು. ವೃಂದಾಳ ಕೂದಲನ್ನು ಎಳೆದವು. ಒಂದು ಗುರುಚರಣನ ಬೋಳುತಲೆಗೇ ಬಾರಿಸಿತು. ಅವನು ತನ್ನ ಕಾರಿನ ಮರೆಗೆ ಕುಕ್ಕರಿಸಿದ. ಕಾರು ಬೆಳ್ಳಗಾಯಿತು.

ವೃಂದಾ ಹುರಿ ಬಿಚ್ಚಿ ಕಾಗೆಯನ್ನು ಬೇವಿನ ಕವಲಿನಲ್ಲಿ ಬಿಟ್ಟಳು. ಹಾರಲಾರದ ಅದು ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸಿ ಮೇಲೇರಿತು.

"ಪುಕ್ಕ ಬರೋವರೆಗೂ ನಿನ್ನಮ್ಮ ಇಲ್ಲೇ ಇರ್ತಾಳೆ. ಸೋಮವಾರ ಗರಗಸ ಹಾಕಿಸು, ನೋಡೋಣ."

ಬಾಲ್ಕನಿಗಳಲ್ಲಿ ಜನ ಸೇರಿದ್ದರು. ಗುರುಚರಣ ತಲೆ ಸವರಿಕೊಂಡು ಮರವನ್ನು ನೋಡಿದ. ಫೋನ್ ತೆಗೆದು ಮರ ಕಡಿಯುವವನಿಗೆ ಸೋಮವಾರ ಬರಬೇಡ ಎಂದ. ಆ ಕಡೆಯವನು ಯಾಕೆ ಎಂದು ಕೇಳಿರಬೇಕು. ಗುರುಚರಣ ಕಾಲ್ ಕಟ್ ಮಾಡಿದ.

"ಈಗ ಸಂತೋಷಾನಾ?"

"ಯಾತರ ಸಂತೋಷ? ಮರಿಗಳು ಕಸದ ಗಾಡಿ ಹತ್ತಿದಾಗ ನಿನಗೆ ಅಮ್ಮ ನೆನಪಾಗಲಿಲ್ಲ. ಇದು ಹೆದರಿಕೆ, ಅಷ್ಟೇ."

ಅವಳು ಮೇಲೆ ಹೋಗಿ ಎಲೆ ತಂದು ಬೇವಿನ ಕೆಳಗಿನ ಗೋಡೆಯ ಮೇಲಿಟ್ಟಳು. "ನಾಳೆಯಿಂದ ದಿನಾ ನೀನೇ ಇಡು. ವರ್ಷಕ್ಕೊಂದು ದಿನ ಕೂಗಿದ್ರೆ ಓಡಿ ಬರೋಕೆ ಅವೇನು ನಿನ್ನ ಅಸೋಸಿಯೇಷನ್ ಮೆಂಬರಾ? ಈಗ ಹಿಂದಕ್ಕೆ ಸರಿ. ನೀನು ಇಲ್ಲೇ ನಿಂತಿದ್ರೆ ಕಾಗೆ ಇಳಿಯಲ್ಲ."

ಗುರುಚರಣ ಎರಡು ಹೆಜ್ಜೆ ಹಿಂದೆ ಸರಿದ.

"ಇನ್ನೂ," ಎಂದಳು ವೃಂದಾ.