ನೀಲಿ ಬೂಟು, ಹಳೆಯ ಸಿಂಬೆ

"ನಿಮ್ಗ್ಯಾಕಮ್ಮ ಟಿಕೆಟ್ಟು? ಊರೋರು ನೀವು. ಒಳಕ್ಕೋಗಿ," ಎನ್ನುತ್ತ ಆವುಲಪ್ಪ, ಕಲ್ಯಾಣಿ ಮುಂದೆ ಹಿಡಿದ ಮೊಬೈಲನ್ನು ನೋಡದೆಯೇ ಪಕ್ಕಕ್ಕೆ ಸರಿಸಿದ.

ಕಳವಾರದ ಬೆಟ್ಟದ ಬುಡದಲ್ಲಿರುವ ಅರಣ್ಯ ಇಲಾಖೆಯ ಚೌಕಿಯ ಮುಂದೆ ಬೆಳಗಿನ ಎರಡನೆಯ ತಂಡ ಸಾಲುಗಟ್ಟಿ ನಿಂತಿತ್ತು. ಹಿಂದೆ ಏಳೆಂಟು ಮಂದಿ ಬೆಂಗಳೂರಿನ ಯುವಕ ಯುವತಿಯರು. ಆವುಲಪ್ಪ ಊರಿನವನೇ, ಚೌಕಿಯಲ್ಲಿ ಚೀಲ ತಪಾಸಣೆ, ರಿಜಿಸ್ಟರು ಎರಡೂ ಅವನದೇ. ಮೇಕೆ ಮೇಯಿಸುವವರು, ಸೌದೆಗೆ ಹೋಗುವವರು ನಡುದಾರಿಯ ಜೋಡಿಬಂಡೆಯವರೆಗೆ ಹೋಗಿಬರಲು ಟಿಕೆಟ್ ಬೇಕಿಲ್ಲ. ಜೋಡಿಬಂಡೆಯಿಂದಾಚೆ, ತುದಿಯವರೆಗೆ, ಕೈಗೆ ಹಸಿರು ಕಾಗದದ ಪಟ್ಟಿ ಕಟ್ಟಿಸಿಕೊಂಡವರಿಗೆ ಮಾತ್ರ ಪ್ರವೇಶ.

"ಬುಕ್ ಮಾಡಿದೀನಿ ಮಾವ. ಎರಡು ಟಿಕೆಟ್. ನಂದೊಂದು, ಅಮ್ಮಂದೊಂದು," ಎಂದಳು ಕಲ್ಯಾಣಿ. ಅವಳು ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ರಜೆಯ ದಿನ ತಾಯಿಯನ್ನು ನೋಡಲು ಊರಿಗೆ ಬರುತ್ತಾಳೆ.

"ಗಂಗುಲಕ್ಕಂಗೆ ಟಿಕೆಟ್ಟಾ!" ಆವುಲಪ್ಪ ನಕ್ಕ. "ಏಮಕ್ಕಾ, ಮಗಳು ನಿನ್ನನ್ನ ಬೆಂಗ್ಳೂರೋಳನ್ನ ಮಾಡ್ಬಿಟ್ಳಾ?" ಹಾಗೆನ್ನುವಾಗಲೇ ಅವನ ದೃಷ್ಟಿ ಗಂಗುಲಮ್ಮನ ಪಾದಗಳ ಮೇಲೆ ಬಿತ್ತು. ನಗು ಅರ್ಧದಲ್ಲಿ ನಿಂತಿತು.

ನೀಲಿ ಬಣ್ಣದ ಬೂಟುಗಳು. ಅವಕ್ಕೆ ಕಿತ್ತಳೆ ಬಣ್ಣದ ದಾರ.

ಯುಗಾದಿಗೆ ಏನು ಕೊಡಿಸಲಿ ಎಂದು ಕಲ್ಯಾಣಿ ಪ್ರತಿವರ್ಷ ಕೇಳುತ್ತಿದ್ದಳು, ಗಂಗುಲಮ್ಮ ಪ್ರತಿವರ್ಷ ಸೀರೆ ಎನ್ನುತ್ತಿದ್ದಳು. ಈ ಸಲ ಮಾತ್ರ, "ಬೆಟ್ಟ ಹತ್ತಕ್ಕೆ ಬರೋರು ಹಾಕ್ಕೊತಾರಲ್ಲ, ಅಂಥ ಬೂಟು," ಎಂದಿದ್ದಳು. ಅಂಗಡಿಯವನು ಮೊದಲು ತಂದದ್ದು ಸಕ್ಕರೆ ಕಾಯಿಲೆಯವರ ಮೆತ್ತನೆಯ ಕಪ್ಪು ಚಪ್ಪಲಿ. "ಅಜ್ಜಿಗೆ ಇದೇ ಸರಿ," ಎಂದಿದ್ದ. "ನಂಗೆ ಸಕ್ಕರೆ ಇಲ್ಲಪ್ಪ, ಬೇಕಾದ್ರೆ ಇವಳನ್ನ ಕೇಳು, ರಕ್ತ ನೋಡೋಳು ಇವಳೇ," ಎಂದು ಗಂಗುಲಮ್ಮ ಗಾಜಿನ ಹಿಂದಿದ್ದ ನೀಲಿ ಜೋಡಿಯನ್ನು ತೋರಿಸಿದ್ದಳು. ಹೆಂಗಸರ ಅಳತೆಯ ಯಾವುದೂ ಅವಳ ಅಗಲವಾದ ಪಾದಕ್ಕೆ ಹಿಡಿಸಲಿಲ್ಲ. ಕೊನೆಗೆ ಕೊಂಡದ್ದು ಗಂಡಸರ ಎಂಟನೆಯ ನಂಬರು.

ಆವುಲಪ್ಪ ಗಂಗುಲಮ್ಮನ ಚೀಲಕ್ಕೆ ಕೈ ಹಾಕಿದ. ಎರಡು ಸ್ಟೀಲ್ ಬಾಟಲಿಗಳು, ಚಿತ್ರಾನ್ನದ ಡಬ್ಬಿ, ಒಂದು ಹಿಡಿ ಹುರಿದ ಕಡಲೆಕಾಯಿ. ಎಲ್ಲಕ್ಕಿಂತ ಕೆಳಗೆ, ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಸುತ್ತಿ ಮಾಡಿದ ಸಿಂಬೆ. ತಲೆಯ ಮೇಲೆ ಹೊತ್ತ ಹೊರೆಗಳ ಭಾರದಿಂದ ಅದರ ನಡುಭಾಗ ಹಲಗೆಯಂತೆ ಗಟ್ಟಿಯಾಗಿತ್ತು. ಅವನು ಅದನ್ನು ಎತ್ತಿ ಹಿಡಿದ.

"ಸಿಕ್ಕಾಕ್ಕೊಂಡ್ಯಲ್ಲಕ್ಕಾ! ಬೂಟು ಹಾಕ್ಕೊಂಡು ಸೌದೆಗೆ ಹೊಂಟಿದೀಯ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಲ್ಯಾಣಿಯ ಮುಖ ಕೆಂಪಾಯಿತು. "ಅಮ್ಮಾ, ಇದನ್ಯಾಕೆ ತಂದೆ?"

"ಯಾಕೆ ಅಂದ್ರೆ?" ಎಂದಳು ಗಂಗುಲಮ್ಮ. ಬೆಳಗ್ಗೆ ಬೆಟ್ಟಕ್ಕೆ ಹೊರಡುವಾಗ ಕೈ ತಾನಾಗಿಯೇ ಬಾಗಿಲ ಹಿಂದಿನ ಮೊಳೆಗೆ ಹೋಗಿತ್ತು. "ಅದಿಲ್ದೆ ಕಾಲು ಹತ್ತಲ್ಲ ಕಣಮ್ಮ."

ಆವುಲಪ್ಪ ರಿಜಿಸ್ಟರನ್ನು ಮುಚ್ಚುವವನಂತೆ ಅಂಗೈ ಅದರ ಮೇಲಿಟ್ಟ. "ನೋಡಕ್ಕಾ, ಇದ್ರಾಗೆ ಉದ್ದೇಶ ಅಂತ ಒಂದು ಕಾಲಂ ಐತೆ. ಸೌದೆ ಅಂತ ಬರೆದ್ರೆ ಪಟ್ಟಿ ಕಟ್ಟಂಗಿಲ್ಲ. ಜೋಡಿಬಂಡೆ ತನಕ ಹೋಗ್ಬಾ. ಮಗಳು ಬೇಕಾದ್ರೆ ಮೇಲಕ್ಕೆ ಹೋಗ್ಲಿ."

ಕಲ್ಯಾಣಿ ಏನೋ ಹೇಳಲು ಬಾಯಿ ತೆರೆದಳು. ಗಂಗುಲಮ್ಮ ಅವಳ ಮೊಣಕೈ ಹಿಡಿದು ತಡೆದಳು.

"ಸೌದೆಗಲ್ಲಪ್ಪ. ಮನೇಲಿ ಗ್ಯಾಸ್ ಐತೆ."

"ಮತ್ತೆ?"

"ಸುಮ್ನೆ."

"ಸುಮ್ನೆ ಅಂತ ಬರೆಯಕ್ಕಾಗುತ್ತಾ?"

"ಇವರೆಲ್ಲ ಯಾಕೆ ಹೋಗ್ತಾರೆ ಹಂಗಾದ್ರೆ?" ಅವಳು ಹಿಂದಿನ ಸಾಲಿನತ್ತ ಗಲ್ಲ ಎತ್ತಿದಳು.

"ನೋಡಕ್ಕೆ."

"ನಾನೂ ನೋಡಕ್ಕೇ."

"ಹುಟ್ದಾಗಿಂದ ಇದೇ ಬೆಟ್ಟ. ನೀನು ನೋಡ್ದೇ ಇರೋದು ಏನೈತಕ್ಕಾ ಇಲ್ಲಿ?"

"ತುದಿ."

ಆವುಲಪ್ಪ ತಲೆಯೆತ್ತಿದ. "ತುದಿ ನೋಡಿಲ್ವಾ ನೀನು?"

"ಮೇಲೆ ಸೌದೆ ಇಲ್ವಲ್ಲಪ್ಪ," ಎಂದಳು ಗಂಗುಲಮ್ಮ, ಇದಕ್ಕಿಂತ ಸ್ಪಷ್ಟವಾದ ವಿಷಯ ಇನ್ನೊಂದಿಲ್ಲವೆಂಬಂತೆ. "ಇಲ್ಲದ ಕಡೆಗೆ ಯಾಕೆ ಹೋಗ್ಲಿ?"

ಅವನು ಸ್ವಲ್ಪ ಹೊತ್ತು ಸಿಂಬೆಯನ್ನು ಕೈಯಲ್ಲಿ ತಿರುಗಿಸಿದ. ಅನಂತರ ಅದನ್ನು ಚೀಲದೊಳಗೆ ಮೊದಲಿದ್ದ ಜಾಗದಲ್ಲೇ ಇಟ್ಟು, ರಿಜಿಸ್ಟರು ತೆರೆದು, ಹೆಸರು, ಊರು, ವಯಸ್ಸು ಅರವತ್ತೊಂದು ಎಂದು ಬರೆದ. ಮೇಲಿನ ಸಾಲುಗಳಲ್ಲೆಲ್ಲ 'ಟ್ರೆಕ್ಕಿಂಗ್' ಎಂದಿತ್ತು. ನಾಲ್ಕನೆಯ ಕಾಲಂನಲ್ಲಿ ಪೆನ್ನು ಕೊಂಚ ತಡೆದು, ದುಂಡಗಿನ ಅಕ್ಷರಗಳಲ್ಲಿ 'ಸುಮ್ಮನೆ' ಎಂದು ಬರೆಯಿತು.

"ಸೈನ್ ಹಾಕಕ್ಕಾ. ಮೇಲಿನವರು ಕೇಳಿದ್ರೆ ನೀನೇ ಬಂದು ಹೇಳ್ಬೇಕು."

"ಹೇಳ್ತೀನಿ ಬಿಡು. ಬೂಟು ಹಾಕ್ಕೊಂಡೇ ಬರ್ತೀನಿ."

ಪಟ್ಟಿ ಕಟ್ಟಲು ಗಂಗುಲಮ್ಮ ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿ ಕೈ ನೀಡಿದಳು.

ಜೋಡಿಬಂಡೆಯವರೆಗೆ ಅವಳೇ ಮುಂದೆ. ಬೆಂಗಳೂರಿನವರು ಎರಡು ಕಡೆ ಕುಳಿತು ನೀರು ಕುಡಿದರು. ಅವಳು ಒಂದು ಕಡೆಯೂ ಕುಳಿತುಕೊಳ್ಳಲಿಲ್ಲ. ಬಂಡೆಯ ಪಕ್ಕದಲ್ಲಿ ಜಾಲಿಯ ಒಣಗಿದ ಕೊಂಬೆಗಳು ಬಿದ್ದಿದ್ದವು. ಅವಳ ನಡಿಗೆ ನಿಂತಿತು.

"ಎರಡು ಹೊರೆ ಆಗ್ತದೆ," ಎಂದಳು.

"ಅಮ್ಮಾ."

"ನೋಡ್ದೆ ಅಷ್ಟೇ ಕಣೇ. ನೋಡಕ್ಕೂ ಟಿಕೆಟ್ ಐತಲ್ಲ."

ಅಲ್ಲಿಂದ ಮುಂದೆ ಕಲ್ಯಾಣಿ ಮುಂದೆ, ಅವಳು ಹಿಂದೆ. ಗಂಗುಲಮ್ಮನಿಗೆ ಇಲ್ಲಿನ ದಾರಿ ಗೊತ್ತಿರಲಿಲ್ಲ. ಎಲ್ಲಿ ಕಾಲಿಡಬೇಕೆಂದು ಮಗಳ ಹೆಜ್ಜೆಯನ್ನು ನೋಡಿ ನೋಡಿ ಇಟ್ಟಳು. ಕೋಟೆಯ ಮುರಿದ ಗೋಡೆ ದಾಟಿದ ಮೇಲೆ ಹತ್ತಲು ಇನ್ನೇನೂ ಉಳಿಯಲಿಲ್ಲ. ಎದುರಿಗೆ ನಂದಿಬೆಟ್ಟ, ಕೆಳಗೆ ದ್ರಾಕ್ಷಿ ತೋಟಗಳ ಬಿಳಿ ಬಲೆಗಳು, ಮಂಜಿನ ಕೊನೆಯ ಎಳೆಗಳು. ಅವಳು ನಿಧಾನವಾಗಿ ಆಚೆಯ ಅಂಚಿಗೆ ನಡೆದು ಬಗ್ಗಿ ನೋಡಿದಳು.

"ಇದಕ್ಕೆ ಹಿಂಬದೀನೂ ಐತಾ!"

ಕಲ್ಯಾಣಿ ನಗುತ್ತ ಮೊಬೈಲು ತೆಗೆದಳು. "ನಿಂತ್ಕೋಮ್ಮ, ಒಂದು ಫೋಟೋ. ಬೂಟು ಕಾಣಬೇಕು."

ಗಂಗುಲಮ್ಮ ನಿಲ್ಲಲಿಲ್ಲ. ಬಂಡೆ ಆಗಲೇ ಕಾಯತೊಡಗಿತ್ತು. ಚೀಲದಿಂದ ಸಿಂಬೆಯನ್ನು ತೆಗೆದು, ಎರಡು ಬಾರಿ ತಟ್ಟಿ ಧೂಳು ಕೊಡವಿ, ಬಂಡೆಯ ಮೇಲಿಟ್ಟಳು. ಸೀರೆಯ ನೆರಿಗೆ ಸರಿಪಡಿಸಿಕೊಂಡು ಅದರ ಮೇಲೆ ಕುಳಿತು, ನೀಲಿ ಬೂಟುಗಳನ್ನು ಜೋಡಿಸಿ ಬಿಸಿಲಿಗೆ ಕಾಲು ಚಾಚಿದಳು.